ಚಿಗವ್ವನ ಕೈಯಲ್ಲಿ ಒಡೆಯದ ಗಾಜು

ನಮ್ಮ ಚಿಗವ್ವನ ಕೈಯಲ್ಲಿ ನಲವತ್ತು ವರ್ಷದಲ್ಲಿ ಒಂದೇ ಒಂದು ಗಾಜೂ ಒಡೆದಿಲ್ಲ! ನನ್ನ ಕಾರಿನ ಬಾಗಿಲಿನ ಗಾಜು ಸುರಪುರದ ಬಜಾರಿನಲ್ಲಿ, ಹಾಡಹಗಲು, ಅವಳು ಬಾಗಿಲು ಎಳೆದುಕೊಂಡ ಏಟಿಗೆ ಪುಡಿಪುಡಿಯಾದದ್ದನ್ನು ಅರ್ಧ ಊರು ನೋಡಿದೆ, ನಿಜ. ಆದರೂ ಮೊದಲನೇ ವಾಕ್ಯವನ್ನು ನಾನು ಅಳಿಸುವುದಿಲ್ಲ. ಅಳಿಸಿ ನಾನು ಯಾವ ಊರಿಗೆ ಹೋಗಿ ಬದುಕಲಿ?

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಕೆಲಸ ಬಳೆ ಇಡಿಸುವುದು. ಸುರಪುರದ ಅಂಗಡಿ ಚಿಗಪ್ಪನದು, ಸುತ್ತಲಿನ ಹಳ್ಳಿಗಳೆಲ್ಲ ಇವಳವು. ಜನರ ಹೆಸರು ಇವಳಿಗೆ ನೆನಪಿರುವುದಿಲ್ಲ, ಕೈಯ ಅಳತೆ ಮಾತ್ರ ಮರೆಯುವುದಿಲ್ಲ. "ಆ ಎರಡು-ಆರಿನಾಕಿ ಮಗಳ ಲಗ್ನ ಅದ, ನಡಿ" ಎನ್ನುತ್ತಾಳೆ. ಯಾರ ಮಗಳು, ಯಾವ ಊರು, ಅದೆಲ್ಲ ನಾವು ಹುಡುಕಿಕೊಳ್ಳಬೇಕು. ನಾನು ಯಾದಗಿರಿಯ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಸೇರಿದ ದಿನ ನೋಡಲು ಬಂದಿದ್ದಳು. ಪ್ರಿನ್ಸಿಪಾಲರು ಪಾಪ, ಹಿರಿಯಳು ಬಂದಿದ್ದಾಳೆಂದು ಎದ್ದು ನಿಂತು ಕೈ ಮುಗಿದರು. ಇವಳು ಆ ಮುಗಿದ ಕೈಯನ್ನೇ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ನೋಡಿ, "ಎರಡು-ಎಂಟು. ಮೆತ್ತನ್ ಕೈ. ಕೆಲಸ ಕಮ್ಮಿ" ಎಂದುಬಿಟ್ಟಳು! ಅಂದಿನಿಂದ ಪ್ರಿನ್ಸಿಪಾಲರು ಅವಳನ್ನು ಕಂಡರೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಮಾತನಾಡುತ್ತಾರೆ.

ಇವಳ ಬಗ್ಗೆ ಓಣಿಯಲ್ಲಿ ಕತೆಗಳಿಗೆ ಬರವಿಲ್ಲ. ಸತ್ತ ಮನೆಗೆ ಹೋಗಿ, ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿರುವಾಗ, "ಸಬಕಾರ ಎಲ್ಲದ? ಮೊದಲ ಸಬಕಾರ ಕೊಡ್ರಿ!" ಎಂದು ಒದರಿದವಳು ಇವಳೇ. ಸಾವಿನ ಮನೆಯಲ್ಲಿ ಸಾಬೂನು ಕೇಳಿದ ಹೆಂಗಸು ಎಂದು ಇವತ್ತಿಗೂ ಆಡಿಕೊಂಡು ನಗುವವರಿದ್ದಾರೆ. ಅದು ಯಾರ ಮನೆ ಎಂಬುದು ಆಮೇಲೆ. ಮೊದಲು ಕಾರು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ನಮ್ಮವ್ವ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ನನ್ನನ್ನು ಓದಿಸಿದಳು. ಇದನ್ನು ನಾನು ಸಣ್ಣ ದನಿಯಲ್ಲಿ ಹೇಳುವವಳಲ್ಲ. ಹೀಗಾಗಿ ಕಾರು ಕೊಳ್ಳುವಾಗಲೂ, ಎಲ್ಲರಂಥದ್ದು ಬೇಡ ಎಂದು ಹಟ ಮಾಡಿ ಹೈದರಾಬಾದಿನಿಂದ ಹಳೆಯದೊಂದನ್ನು ತಂದೆ. ಅದರ ಬಾಗಿಲುಗಳಲ್ಲಿ ಗಾಜಿನ ಸುತ್ತ ಚೌಕಟ್ಟೇ ಇಲ್ಲ! ಬಾಗಿಲು ತೆರೆದರೆ ಗಾಜು ಬರಿಮೈಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಹಿಡಿಕೆ ಎಳೆದ ಕೂಡಲೇ ತಾನಾಗಿ ಒಂದು ಬೆರಳಿನಷ್ಟು ಕೆಳಗಿಳಿಯುತ್ತದೆ. ಬಾಗಿಲು ಹಾಕಿದ ಮೇಲೆ ಮತ್ತೆ ಮೇಲೇರಿ ಚಾವಣಿಯ ರಬ್ಬರಿನಲ್ಲಿ ಹೋಗಿ ಕೂರುತ್ತದೆ.

ಮೊದಲ ಸಲ ನೋಡಿದಾಗ ಚಿಗವ್ವ ಕಾರಿನ ಸುತ್ತ ಎರಡು ಸುತ್ತು ಹಾಕಿದಳು.

"ಇಷ್ಟು ಓದೀದಿ, ಚೌಕಟ್ ಅದನೋ ಇಲ್ಲೋ ಅಂತ ನೋಡಿ ತರಾಕ ಆಗಲಿಲ್ಲೇನು?"

ನಾನು ಬಾಗಿಲು ತೆರೆದು ತೋರಿಸಿದೆ. ಗಾಜು ಮೆಲ್ಲಗೆ ಒಂದು ಬೆರಳು ಇಳಿಯಿತು. ಚಿಗವ್ವನ ಮುಖ ಅರಳಿತು.

"ಅಯ್ಯ ಇದರ! ತಲಿ ಬಗ್ಗಿಸಿ ಶರಣು ಮಾಡ್ತದಲ್ಲ! ನಿನ್ನಕಿಂತ ಸಂಸ್ಕಾರ ಅದ ಇದಕ್ಕ."

ಅಂದಿನಿಂದ ಅವಳು ಅವಶ್ಯಕತೆ ಇರಲಿ ಬಿಡಲಿ, ಬಾಗಿಲು ತೆರೆದು ಹಾಕಿ, ತೆರೆದು ಹಾಕಿ, ಗಾಜಿನಿಂದ ಶರಣು ಮಾಡಿಸಿಕೊಳ್ಳತೊಡಗಿದಳು. ಅನಾಹುತಕ್ಕೆ ಪೀಠಿಕೆ ಅದೇ.

ಆ ಸೋಮವಾರ ಅವಳನ್ನು ಅಂಗಡಿಯಿಂದ ಮನೆಗೆ ಕರೆತರಲು ಹೋಗಿದ್ದೆ. ತೊಡೆಯ ಮೇಲೆ ಮಲಾರ ಇಟ್ಟುಕೊಂಡು ಮುಂದೆ ಕುಳಿತಳು. ಮಲಾರವೆಂದರೆ ಬಳೆಗಳನ್ನು ಅಳತೆವಾರು ಪೋಣಿಸಿ ಹೊರುವ ಹೊರೆ. ಎಲ್ಲರ ಮಲಾರಕ್ಕೂ ಬರೀ ಹಗ್ಗ. ಇವಳದಕ್ಕೆ ಮಾತ್ರ ನಡುವೆ ಒಂದು ಕಬ್ಬಿಣದ ಸರಳು, ಸ್ವಂತ ಸಂಶೋಧನೆ! ಸರಳಿನ ತುದಿ ಹೊರಗೆ ಇಣುಕುತ್ತಿತ್ತು. ಇವಳು ಶರಣು ಮಾಡಿಸಿಕೊಳ್ಳುವ ಖುಷಿಯಲ್ಲಿ ಬಾಗಿಲನ್ನು ಜೋರಾಗಿ ಎಳೆದಳು. ಗಾಜಿನ ಅಂಚು ಸರಳಿನ ತುದಿಗೆ ಬಡಿಯಿತು. ಅಕ್ಕಿ ಚೀಲ ಹರಿದ ಹಾಗೆ ಸರ್ರನೆ ಒಂದು ಸದ್ದು. ಗಾಜು ಇದ್ದಲ್ಲಿ ಗಾಳಿ ಇತ್ತು.

ಬಜಾರು ಸೇರಿತು. ಚಿಗವ್ವ ಯಾರ ಕಡೆಗೂ ನೋಡದೆ ಮೊದಲು ಮಲಾರ ಬಿಚ್ಚಿ ಒಂದೊಂದೇ ಬಳೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅದನ್ನು ಮೇಲೆತ್ತಿ ಹಿಡಿದು ಸಾರಿದಳು.

"ನೋಡ್ರಪಾ, ನನ್ನ ಮಾಲಿನಾಗ ಒಂದು ಬಳಿ ಹೆಚ್ಚಿಲ್ಲ!"

ಬಳೆ 'ಒಡೆಯಿತು' ಎನ್ನುವುದು ಅಶುಭ. 'ಹೆಚ್ಚಿತು' ಎನ್ನಬೇಕು. ಅದು ಅವಳ ಕಸುಬಿನ ಕಟ್ಟುನಿಟ್ಟು.

"ಬಳಿ ಬಿಡ್ರಿ, ಕಾರಿನ ಗಾಜು?" ಎದುರಿನ ಕಿರಾಣಿಯವನು ಕೇಳಿದ.

"ಅದು ಒಡದಿಲ್ಲ. ಉದುರ್ಯಾದ. ಒಡದ್ರ ಚೂಪ್ ಇರ್ತದ, ಕೈ ಕೊಯ್ತದ. ಇದು ನೋಡು, ಸಾಬೂದಾನಿ ಹಂಗ ಅದ. ಒಡದದ್ದು ಹಿಂಗಿರ್ತದೇನು?"

"ಹಂಗಾರ ಹೊಳ್ಳಿ ಜೋಡಸ್ರಿ ನೋಡಾಮಿ!"

ನಗೆ ಎದ್ದಿತು. ಚಿಗವ್ವ ನಗಲಿಲ್ಲ.

ಯಾಕೆ ನಗಲಿಲ್ಲ ಎಂಬುದು ಸಂಜೆ ತಿಳಿಯಿತು. ಶುಕ್ರವಾರ ದೇವಾಪುರದಲ್ಲಿ ಒಂದು ಕುಬಸ ಇತ್ತು. ಚೊಚ್ಚಲ ಬಸುರಿಗೆ ಮಡಿಲು ತುಂಬಿ, ಹಸಿರು ಬಳೆ ಇಡಿಸುವ ಕಾರ್ಯ. ಆ ಮನೆಯ ಹೆಣ್ಣುಮಕ್ಕಳಿಗೆ ಮೂರು ತಲೆಮಾರಿನಿಂದ ಬಳೆ ಇಡಿಸಿದವಳು ಚಿಗವ್ವ. ಸುದ್ದಿ ಮಾತ್ರ ಬಸ್ಸಿಗಿಂತ ಮೊದಲು ದೇವಾಪುರ ಮುಟ್ಟಿತ್ತು. ಹುಡುಗಿಯ ಅತ್ತೆ ಫೋನು ಮಾಡಿದಳು.

"ತಪ್ಪ್ ತಿಳಕೋಬ್ಯಾಡ್ರಿ. ನಂದೇನಿಲ್ಲ. ಮಂದಿ ಅಂತಾರ, ಗಾಜು ಒಡದ ಕೈ ಅದು, ಬಸರಿ ಹೆಣಮಗಳಿಗಿ ಬ್ಯಾಡ ಅಂತ…"

ಫೋನು ಕೆಳಗಿಟ್ಟ ಚಿಗವ್ವ ಸುಮಾರು ಹೊತ್ತು ತನ್ನ ಅಂಗೈಯನ್ನೇ ನೋಡುತ್ತ ಕುಳಿತಳು.

"ಒಂದ ಮನಿ ಬ್ಯಾಡ ಅಂದ್ರ ಎಲ್ಲಾ ಮನಿ ಬ್ಯಾಡ ಅಂತಾವ," ಎಂದಳು. ಮತ್ತೆ ಎದ್ದು ನಿಂತಳು. "ಶುಕ್ರವಾರದೊಳಗ ಆ ಗಾಜು ಇದ್ದ ಜಾಗಾದಾಗ ಇರಬೇಕು. ನಾ ಅದ ಕಾರಿನ್ಯಾಗ ದೇವಾಪುರಕ್ಕ ಹೋಗಾಕಿ. ಗಾಜು ಇದ್ದ ಮ್ಯಾಲ ಒಡದದ್ದು ಎಲ್ಲಿಂದ ಬಂತು?"

ನಾನು ಆ ರಾತ್ರಿಯೇ ಹೈದರಾಬಾದಿಗೆ ಫೋನು ಹಚ್ಚಿದೆ.

ಹೈದರಾಬಾದಿನ ಗುಜರಿಯೊಂದರಲ್ಲಿ ಅದೇ ಜಾತಿಯ ಗಾಜು ಸಿಕ್ಕಿತು. ಗುರುವಾರ ಬೆಳಿಗ್ಗೆ ಅದು ಕೌದಿ ಸುತ್ತಿಕೊಂಡು ಬಸ್ಸಿನಲ್ಲಿ ಶಹಾಪುರಕ್ಕೆ ಬಂದಿಳಿಯಿತು. ನಾವು ಸುರಪುರದಿಂದ ಶಹಾಪುರದ ಗಾಜಿನ ಮಿಸ್ತ್ರಿಯ ಹತ್ತಿರ ಹೊರಟೆವು. ಗಾಜಿಲ್ಲದ ಕಿಟಕಿಗೆ ಚಿಗವ್ವ ದಾರಿಯುದ್ದಕ್ಕೂ ಸೆರಗು ಎಳೆದು ಹಿಡಿದು ಕುಳಿತಿದ್ದಳು. ಎದುರು ಬಂದ ಲಾರಿಯವರೆಲ್ಲ ಒಳಗೆ ಮದುಮಗಳಿದ್ದಾಳೆಂದು ಹಾರ್ನ್ ಹಾಕಿ ಹೋದರು!

ಮಿಸ್ತ್ರಿ ಟ್ರ್ಯಾಕ್ಟರು, ಲಾರಿಗಳಿಗೆ ಗಾಜು ಹಾಕಿ ಹೆಸರಾದವನು. ಬಾಗಿಲು ನೋಡಿ ತಲೆ ಕೆರೆದುಕೊಂಡ.

"ಮೇಡಮ್ಮಾರ, ಚೌಕಟ್ ಇದ್ರ ಗಾಜು ಹೆಂಗ ನಿಂತ್ರೂ ನಡೀತದ್ರಿ. ಇದು ಹವಾದಾಗ ನಿಂದ್ರಬೇಕು. ಕೂದಲೆಳಿ ಫರಕ್ ಬಂದ್ರ ಗಾಳಿ ಸೊಂಯ್ ಅಂತದ, ಮಳಿ ಒಳಗ ಬರ್ತದ."

ಚಿಗವ್ವ ಅವನ ಕೈ ಹಿಡಿದು ಒತ್ತಿದಳು. "ಎರಡು-ಹತ್ತು. ಬಿಗಿ ಕೈ. ನಾ ಇಲ್ಲೇ ಕುಂದರ್ತೀನಿ."

ಮಿಸ್ತ್ರಿ ಬಾಗಿಲಿನ ಒಳಹೊದಿಕೆ ಬಿಚ್ಚಿದ. ಹೊಟ್ಟೆಯಲ್ಲಿ ಬಿದ್ದಿದ್ದ ಸಾಬೂದಾನಿಯನ್ನೆಲ್ಲ ಬಳಿದು ತೆಗೆದ. ಹೊಸ ಗಾಜನ್ನು ಮೇಲಿನಿಂದ ಇಳಿಸಿ ಕೆಳಗೆ ಎರಡು ಬೋಲ್ಟು ಬಿಗಿದು ಬಾಗಿಲು ಹಾಕಿದ. ಮುಂದಿನ ಮೂಲೆ ರಬ್ಬರಿನಲ್ಲಿ ಕೂತಿತು. ಹಿಂದಿನ ಮೂಲೆ, ಮುನಿಸಿಕೊಂಡ ಬೀಗರ ಹಾಗೆ, ಹೊರಗೇ ನಿಂತಿತು. ಮಿಸ್ತ್ರಿ ಅಂಗೈಯಿಂದ ಒತ್ತತೊಡಗಿದ.

"ಏಯ್! ಕೈ ತಗಿ!"

ಮಿಸ್ತ್ರಿ ಬೆಚ್ಚಿಬಿದ್ದ. "ಜರಾ ಒತ್ತಿದ್ರ ಕೂಡ್ತದ್ರಿ ಅಮ್ಮಾರ."

"ಗಾಜಿಗಿ ಯಾರರ ಒತ್ತತಾರೇನೋ? ಬಳಿ ಇಡಸುವಾಗ ನಾ ಬಳಿ ಒತ್ತತೀನೇನು? ಕೈ ಒತ್ತತೀನಿ! ಗಾಜು ಬಗ್ಗೂದಿಲ್ಲ, ಕೈ ಬಗ್ಗತದ. ಇಲ್ಲಿ ಗಾಜು ಅಂದ್ರ ಬಳಿ, ಬಾಗಲಾ ಅಂದ್ರ ಕೈ. ಬಾಗಲಾ ಸಡ್ಲ ಮಾಡು ಮೊದಲ."

ನಲವತ್ತು ವರ್ಷದ ದನಿ ಅದು. ಮಿಸ್ತ್ರಿ ಬೋಲ್ಟು ಸಡಿಲಿಸಿದ. ಚಿಗವ್ವ ತನ್ನ ಚೀಲದಿಂದ, ಬಿಗಿ ಬಳೆ ಜಾರಿಸಲು ಇಟ್ಟುಕೊಳ್ಳುವ ಸಾಬೂನು ನೀರಿನ ಬಾಟಲಿ ತೆಗೆದು ರಬ್ಬರಿನ ಉದ್ದಕ್ಕೂ ಬೆರಳಿನಿಂದ ಸವರಿದಳು. ಬಾಗಿಲು ಹಾಕಿಸಿ, ಮಿಸ್ತ್ರಿಯನ್ನು ಕಾರಿನೊಳಗೆ ಕೂರಿಸಿದಳು. ಅವನು ಬಟನ್ ಒತ್ತಿದಾಗ ಸಡಿಲಾದ ಗಾಜು ಮೆಲ್ಲಗೆ ಮೇಲೇರಿ, ಅತ್ತ ಇತ್ತ ಅಲುಗಿ, ತನಗೆ ಬೇಕಾದ ಜಾಗ ತಾನೇ ಹುಡುಕಿಕೊಂಡು ಕೂತಿತು.

"ಈಗ ಬಿಗಿ. ಆ ಕಡಿ ಒಂದೀಟು, ಈ ಕಡಿ ಒಂದೀಟು. ಒಮ್ಮೆಲೆ ಬಿಗೀಬ್ಯಾಡ!"

ಆಮೇಲೆ ಪರೀಕ್ಷೆ. ಬಳೆ ಸುತ್ತುವ ತೆಳ್ಳನೆ ಕಾಗದವನ್ನು ಉದ್ದಕ್ಕೆ ಹರಿದು, ರಬ್ಬರು ಮತ್ತು ಗಾಜಿನ ನಡುವೆ ಇಟ್ಟು ಬಾಗಿಲು ಹಾಕಿಸಿ, ಗೇಣಿಗೊಂದು ಕಡೆ ಎಳೆದು ನೋಡಿದಳು. ಹಿಂದಿನ ಮೂಲೆಯಲ್ಲಿ ಕಾಗದ ಜಾರಿ ಬಂತು. ಮತ್ತೆ ಸಡಿಲು, ಮತ್ತೆ ಬಿಗಿ. ಮೂರನೆಯ ಸಲ ಕಾಗದ ಹರಿಯಿತೇ ಹೊರತು ಜಾರಲಿಲ್ಲ. ಕಾಗದ ಹರಿದದ್ದಕ್ಕೆ ಇಷ್ಟು ಸಂತೋಷಪಟ್ಟ ಮೂರು ಜನರನ್ನು ಶಹಾಪುರ ಅದುವರೆಗೆ ನೋಡಿರಲಿಕ್ಕಿಲ್ಲ.

"ಇನ್ನ ಒಂದ ಬಾಕಿ ಅದ್ರಿ," ಎಂದ ಮಿಸ್ತ್ರಿ. "ಎಲ್ಲಿತನ ಏರಬೇಕು, ಎಷ್ಟು ಇಳೀಬೇಕು ಅಂತ ಇದರ ಮೋಟರಿಗಿ ಹೊಸದಾಗಿ ಕಲಸಬೇಕು. ಬಟನ್ ಒತ್ತಿ ಹಿಡಕೊಂಡು ಕುಂದರಬೇಕ್ರಿ."

ಚಿಗವ್ವ ನನ್ನ ಕಡೆ ತಿರುಗಿದಳು. "ಕಲಸೂದು ನಿನ್ನ ಕೆಲಸ. ನೀ ಹಿಡಿ."

ಹಿಡಿದೆ. ಮೇಲೇರಿಸಿ ಹಿಡಿದೆ, ಇಳಿಸಿ ಹಿಡಿದೆ. ಬಾಗಿಲು ತೆರೆದರೆ ಗಾಜು ಒಂದು ಬೆರಳು ತಲೆ ಬಗ್ಗಿಸಿತು. ಹಾಕಿದರೆ ತಲೆ ಎತ್ತಿತು. ನನ್ನ ವೃತ್ತಿಯಲ್ಲಿ ಇಷ್ಟು ಬೇಗ ಕಲಿತ ವಿದ್ಯಾರ್ಥಿ ಇನ್ನೊಬ್ಬ ಸಿಕ್ಕಿಲ್ಲ!

ಕೊನೆಗೆ ಚಿಗವ್ವ ಶುಕ್ರವಾರಕ್ಕೆಂದು ತಂದಿದ್ದ ಇಳಕಲ್ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಒಳಗೆ ಕುಳಿತು, "ಹಾಕ್ರಿ ನೀರು" ಎಂದು ಅಪ್ಪಣೆ ಕೊಟ್ಟಳು. ಮಿಸ್ತ್ರಿ ಮೂರು ಕೊಡ ಸುರಿದ. ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ.

"ಅಮ್ಮಾರ, ನಾಳಿಯಿಂದ ದುಕಾನಿಗಿ ನೀವ ಬರ್ರಿ," ಎಂದ ಮಿಸ್ತ್ರಿ, ಕೈ ಮುಗಿಯದೆ, ದೂರದಿಂದಲೇ.

ಶುಕ್ರವಾರ ದೇವಾಪುರಕ್ಕೆ ಹೊರಟಾಗ ಚಿಗವ್ವ ನಮ್ಮವ್ವನನ್ನೂ ಎಳೆದು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಕುಬಸದ ಮನೆಯ ಮುಂದೆ ಕಾರು ನಿಂತಿತು. ಕರೆಯದೆ ಬಂದಿದ್ದೆವು, ಅಂಗಳದ ತುಂಬ ಹೆಂಗಸರು. ಅತ್ತೆ ಬಾಗಿಲಿಗೆ ಬಂದಳು.

"ಒಡದ ಗಾಜು ಅಂದಿದ್ರಲ್ಲ," ಎಂದಳು ಚಿಗವ್ವ. "ನಾಕ ಅದಾವ. ಯಾವುದು ತೋರಸ್ರಿ. ತೋರಿಸಿದ್ರ ಹೊಳ್ಳಿ ಹೋಗ್ತೀನಿ."

ಅತ್ತೆ ಕಾರಿನ ಸುತ್ತ ತಿರುಗಿದಳು. ಒಂದೊಂದು ಗಾಜಿನ ಮೇಲೂ ಬೆರಳಾಡಿಸಿದಳು. ಹೆಂಗಸರೆಲ್ಲ ಅವಳ ಹಿಂದೆ ಹಿಂದೆ ನಡೆದರು. ಕೊನೆಗೆ ಆಕೆ ಹಿಂದಿನ ಬಲಗಡೆಯ ಗಾಜನ್ನು ತೋರಿಸಿ, "ಇದ" ಎಂದಳು.

"ಅದು ಹುಟ್ಟಿದಾಗಿಂದ ಅಲ್ಲೇ ಅದ್ರಿ!" ಎಂದು ನಾನು ಕಿರುಚಿಬಿಟ್ಟೆ. ಉಪನ್ಯಾಸಕಿಯ ಘನತೆ ಗಾಳಿಗೆ ಹೋಯಿತು, ಹೋಗಲಿ! ಅಂಗಳವೆಲ್ಲ ನಕ್ಕಿತು. ಅತ್ತೆಯೂ ಸೋತ ನಗೆ ನಕ್ಕು, "ಬರ್ರಿ, ಒಳಗ ಬರ್ರಿ" ಎಂದು ಚಿಗವ್ವನ ಕೈ ಹಿಡಿದಳು.

ಬಸುರಿಯ ಕೈ ಬಾತುಕೊಂಡಿತ್ತು. "ಕೈ ಸಡ್ಲ ಬಿಡು ಮಗಳ. ಈಗ ನಿನ್ನ ಕೈ ನಂದು," ಎಂದಳು ಚಿಗವ್ವ. ಎರಡೂ ಕೈ ತುಂಬ ಹಸಿರು ಬಳೆ ಏರಿದವು. ಒಂದೂ ಹೆಚ್ಚಲಿಲ್ಲ.

ಅವ್ವ ಕಾರಿನಿಂದ ಇಳಿದಿರಲಿಲ್ಲ. ಇಂಥ ಕಾರ್ಯದ ಮನೆಗಳಲ್ಲಿ ಅವಳು ಇಳಿಯುವುದಿಲ್ಲ. ಬೇಡ ಎಂದವರು ಯಾರೂ ಇಲ್ಲ, ಬಾ ಎಂದವರೂ ಇಲ್ಲ. ಅಪ್ಪ ಹೋದಾಗಿನಿಂದ ಹಾಗೇ.

ವಾಪಸು ಬರುವಾಗ ಚಿಗವ್ವ ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಕುಳಿತಳು. ಕಾಲುವೆಯ ಹತ್ತಿರ, "ಗಾಡಿ ನಿಂದ್ರಸು" ಎಂದಳು. ಮಲಾರದ ಬುಡದಿಂದ ಹಳೆಯ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಹನ್ನೆರಡು ಹಸಿರು ಬಳೆ.

"ಗುರುತು ಸಿಕ್ತೇನು, ಅಕ್ಕಾ?"

ಅವ್ವ ಒಂದು ಬಳೆಯನ್ನು ಬೆರಳಿನಿಂದ ಮುಟ್ಟಿದಳು. ನನಗೆ ತಡವಾಗಿ ಹೊಳೆಯಿತು. ಸಾಬೂನು ಕೇಳಿದ ಆ ಸತ್ತ ಮನೆ ನಮ್ಮದು. ನಾನಾಗ ಎರಡನೇ ಕ್ಲಾಸು. ಅಪ್ಪನ ಹೆಣ ಅಂಗಳದಲ್ಲಿತ್ತು. ಅವ್ವನ ಕೈಬಳೆ ಒಡೆಯಲು ಯಾರೋ ಕಲ್ಲು ತಂದಿದ್ದರು. ಚಿಗವ್ವ ಆ ಕಲ್ಲನ್ನು ಕಸಿದು ಎಸೆದು, ಸಾಬೂನಿಗಾಗಿ ಒದರಿ, ಅಳುತ್ತಳುತ್ತಲೇ ಅಕ್ಕನ ಕೈಯಿಂದ ಒಂದೊಂದೇ ಬಳೆ ಜಾರಿಸಿ ತೆಗೆದಿದ್ದಳು. ಒಂದನ್ನೂ ಒಡೆಯಲು ಬಿಡಲಿಲ್ಲ. ನಲವತ್ತು ವರ್ಷದ ಆ ಜಂಬದ ನಡುವೆ ಆ ಒಂದು ದಿನ ಇತ್ತು. ನನಗೆ ಗೊತ್ತೇ ಇರಲಿಲ್ಲ.

"ಕೈ ಕೊಡು," ಎಂದಳು ಚಿಗವ್ವ.

"ಹುಚ್ಚಿ, ಮಂದಿ ಏನಂತಾರ?"

ಚಿಗವ್ವ ನನಗೆ ಹೇಳಿದಳು: "ಗಾಜು ಏರಸು."

ನಾಲ್ಕೂ ಗಾಜು ಏರಿಸಿದೆ. ಹೊಸ ಗಾಜು ರಬ್ಬರಿನಲ್ಲಿ ಹೋಗಿ ಕೂತಿತು. ಹೊರಗಿನ ಗಾಳಿ, ಕಾಲುವೆಯ ಸದ್ದು ನಿಂತವು.

"ಮಂದಿ ಹೊರಗದಾರ, ಅಕ್ಕಾ. ನಾವು ಒಳಗದೀವಿ."

ಹತ್ತಿ ಬಿಡಿಸಿ ಬಿಡಿಸಿ ಅವ್ವನ ಗೆಣ್ಣುಗಳು ದಪ್ಪವಾಗಿದ್ದವು. "ಅವತ್ತು ಎರಡು-ನಾಲ್ಕು ಇತ್ತು, ಈಗ ಎರಡು-ಆರು ಆಗ್ಯಾದ," ಎನ್ನುತ್ತ ಚಿಗವ್ವ ಶಹಾಪುರದಲ್ಲಿ ಬಳಸಿ ಉಳಿದಿದ್ದ ಸಾಬೂನು ನೀರಿನ ಬಾಟಲಿ ತೆಗೆದಳು. ಕನ್ನಡಿಯಲ್ಲಿ ನನಗೆ ಇಬ್ಬರ ಕೈ ಮಾತ್ರ ಕಾಣುತ್ತಿತ್ತು.

"ಕೈ ಸಡ್ಲ ಬಿಡಕ್ಕಾ. ಕೈ ಸಡ್ಲ ಬಿಡು."

ಹನ್ನೆರಡೂ ಏರಿದವು.

ಸುರಪುರ ಮುಟ್ಟಿ ಓಣಿಯಲ್ಲಿ ಕಾರು ನಿಲ್ಲಿಸಿದಾಗ ನಾನು ಇಳಿದು ಬಾಗಿಲು ತೆರೆಯುವಷ್ಟರಲ್ಲಿ ಅವ್ವನೇ ಒಳಗಿನ ಹಿಡಿಕೆ ಎಳೆದಳು. ಗಾಜು ಒಂದು ಬೆರಳು ತಲೆ ಬಗ್ಗಿಸಿತು. ಬಾಗಿಲಿನಿಂದ ಮೊದಲು ಹೊರಬಂದದ್ದು ಅವ್ವನ ಕೈ. ಬಳೆಯ ಸದ್ದಿಗೆ ಕಟ್ಟೆಯ ಮೇಲೆ ಕುಳಿತವರೆಲ್ಲ ತಿರುಗಿ ನೋಡಿದರು.

ಅವ್ವ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳಲಿಲ್ಲ.