ಗಂಟು ಬಿಚ್ಚದ ತಪಾಸಣೆ

ಸಹಿ ಹಾಕುವುದರಲ್ಲಿ ನನ್ನಷ್ಟು ನಿಷ್ಠಾವಂತ ನೌಕರ ನಮ್ಮ ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ. ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ನೋಡುವ ಕೆಟ್ಟ ಚಟವೊಂದು ನನಗಿರಲಿಲ್ಲ, ಅಷ್ಟೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಜಮೀನಿನ ದಾಖಲೆಗಳ ಕೋಣೆಯ ಗುಮಾಸ್ತ. ಹೊಸ ಸರ್ಕಾರ, ಹೊಸ ಫಾರಂ. ದಾಖಲೆ ಹಾಳಾದ ಮೇಲೆ ಬಾಯಿ ಬಡಿದುಕೊಳ್ಳುವ ಬದಲು ಮೊದಲೇ ನೋಡಿಕೊಳ್ಳಿ, ತಿಂಗಳಿಗೊಮ್ಮೆ ಪ್ರತಿ ಗಂಟನ್ನೂ ಬಿಚ್ಚಿ, ಹಾಳೆ ತಿರುವಿ, ತಪಾಸಣೆ ಪುಸ್ತಕದಲ್ಲಿ ಬರೆಯಿರಿ ಎಂದು ಆಜ್ಞೆ ಬಂತು. ಬುದ್ಧಿವಂತರ ಆಜ್ಞೆ, ನಮಗೆ ಅಂಥವು ಒಗ್ಗುತ್ತಿರಲಿಲ್ಲ.

ಅಟೆಂಡರ್ ಬೋಪಯ್ಯ ಸುಲಭದ ದಾರಿ ಕಲಿಸಿದ. ಕೆಂಪು ಬಟ್ಟೆಯ ಗಂಟುಗಳನ್ನು ಬೆರಳಿನಿಂದ ಕುಟ್ಟುತ್ತ ಅವನು ಎಣಿಸುವುದು, ನಾನು 'ಸರಿಯಿದೆ' ಎಂದು ಬರೆಯುವುದು. "ಬಿಚ್ಚಿದ್ರೆ ಮತ್ತೆ ಕಟ್ಟೋದು ಯಾರು ಸಾರ್?" ಎನ್ನುತ್ತಿದ್ದ. ಆರು ವರ್ಷ ಎಲ್ಲವೂ ಸರಿಯಿತ್ತು.

ಒಂದು ದಿನ ಮಾದಾಪುರದ ಕಡೆಯ ಪುಟ್ಟಮ್ಮ ಬಂದಳು. ಗಂಡ ತೀರಿಹೋಗಿದ್ದ, ಗದ್ದೆ ತನ್ನದೆಂದು ಮೈದುನ ಕೋರ್ಟಿಗೆ ಹೋಗಿದ್ದ. ಗಂಡನ ಹೆಸರಿದ್ದ ಹಳೆಯ ಪುಟದ ನಕಲು ಸಿಕ್ಕರೆ ಗದ್ದೆ ಅವಳದು, ಇಲ್ಲದಿದ್ದರೆ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯೇ ಗತಿ. ನಾನು ಜಂಬದಿಂದ ಅವಳ ಊರಿನ ಗಂಟು ಇಳಿಸಿದೆ. ಹಗುರವಾಗಿತ್ತು. ಗೋಡೆಯ ಕಡೆಯಿಂದ ಗೆದ್ದಲು ನುಗ್ಗಿ, ಊಟ ಮುಗಿಸಿ ಹೋಗಿತ್ತು. ರಟ್ಟು ಮತ್ತು ಮಣ್ಣು ಮಾತ್ರ ಉಳಿದಿದ್ದವು.

"ಈಚೆಗೆ ಆಗಿರಬೇಕಮ್ಮ. ಹೋದ ತಿಂಗಳೂ ನೋಡಿದ್ದೆ" ಎಂದು ನಾಚಿಕೆಗೆಟ್ಟು ತಪಾಸಣೆ ಪುಸ್ತಕ ತೋರಿಸಿದೆ. ಅದನ್ನು ಮಾತ್ರ ಒಂದು ಹುಳವೂ ಮುಟ್ಟಿರಲಿಲ್ಲ. ಓದು ಬಾರದ ಪುಟ್ಟಮ್ಮ ನನ್ನ ಸಹಿಗಳ ಮೇಲೆ ಬೆರಳಾಡಿಸಿದಳು.

"ಇಷ್ಟೂ ಸಲ ನೀವೇ ನೋಡಿದೀರಾ?"

"ಹೂಂ."

ಅವಳ ಮುಖ ಅರಳಿತು. "ಹಂಗಾದ್ರೆ ಹಾಳೆ ಹೋದ್ರೆ ಹೋಗ್ಲಿ. ಅದ್ರಲ್ಲಿ ಯಾರ ಹೆಸರಿತ್ತು ಅಂತ ನೀವೇ ಬಂದು ಕೋರ್ಟಲ್ಲಿ ಹೇಳಿ ಸ್ವಾಮಿ."

ಸಮನ್ಸು ಬಂತು. ನೋಡಿಲ್ಲವೆಂದರೆ ನೌಕರಿ ಹೋಗುತ್ತಿತ್ತು. ಕಟಕಟೆ ಹತ್ತಿ "ನೋಡಿದ್ದೆ, ನೆನಪಿಲ್ಲ" ಎಂದೆ. ಗದ್ದೆ ಮೈದುನನ ಪಾಲಾಯಿತು.

ಹೊರಗೆ ಬಂದಾಗ ಪುಟ್ಟಮ್ಮ ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. "ಬೇಜಾರ್ ಮಾಡ್ಕೋಬೇಡಿ ಸ್ವಾಮಿ. ತಿಂಗಳು ತಿಂಗಳು ಅಷ್ಟೊಂದು ಗಂಟು ಬಿಚ್ಚಿ ನೋಡೋರು ನೀವು, ನಂದೊಂದು ಹಾಳೆ ಎಲ್ಲಿ ನೆನಪಿರುತ್ತೆ."

ಅದಕ್ಕೂ ಒಂದು ಸಹಿ ಹಾಕಿದಂತೆ, ನಾನು ಹೌದೆಂದು ತಲೆಯಾಡಿಸಿದೆ.