ಮೂಲೆ ನೋಡುವ ಮಾವ

ನಮ್ಮ ಸೋದರಮಾವನಿಗೆ ನಟ್ಟನಡುವೆ ಇರುವ ಯಾವುದರ ಮೇಲೂ ಗೌರವವಿಲ್ಲ! ನನಗೆ ಹೆಣ್ಣು ನೋಡಲು ನಾಗಮಂಗಲಕ್ಕೆ ಹೋದಾಗ ಎಲ್ಲರೂ ಚಾಪೆಯ ಮೇಲೆ ಕೂತ ಹುಡುಗಿಯನ್ನು ನೋಡಿದರೆ, ಇವರು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಜ್ಜಿಯನ್ನೇ ನೋಡುತ್ತಿದ್ದರು. ಹೊರಗೆ ಬಂದು, "ಅಜ್ಜಿ ನಗ್ತಾವ್ಳೆ ಕಣ್ಲಾ. ಒಳ್ಳೆ ಮನೆ, ಒಪ್ಕೊಂಬುಡು" ಎಂದರು. ಒಪ್ಪಿಕೊಂಡೆ. ಹುಡುಗಿ ಆವತ್ತು ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದರೆ ಅವರಿಗೆ ಗೊತ್ತಿಲ್ಲ. ಅಜ್ಜಿಯ ರವಿಕೆಗೆ ಎಷ್ಟು ತೇಪೆ ಇತ್ತು ಎಂದು ಬೇಕಾದರೆ ಕೇಳಿ!

ಇದೆಲ್ಲ ಲೆನ್ಸಿನ ಸಹವಾಸದಿಂದ ಬಂದ ಚಾಳಿ. ಮಾವ ಪಾಂಡವಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಮೊಬೈಲು ಬಂದು ಸ್ಟುಡಿಯೋ ಮುಚ್ಚಿತು, ಮಾವ ಮುಚ್ಚಲಿಲ್ಲ. ಎನ್‌ಲಾರ್ಜರನ್ನು ಬಾಬುರಾಯನಕೊಪ್ಪಲಿನ ಮನೆಗೆ ತಂದು ಹಳೆಯ ಬಚ್ಚಲಲ್ಲಿ ಪ್ರತಿಷ್ಠಾಪಿಸಿದರು. ಮೇಲೊಂದು ದೀಪ, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸು. ಚಿತ್ರ ದೊಡ್ಡದಾಗಿ ಕಾಗದದ ಮೇಲೆ ಬೀಳುತ್ತದೆ. ಮಾವನ ಪ್ರಕಾರ ಯಾವ ಲೆನ್ಸಾದರೂ ನಡುವೆ ಸತ್ಯವನ್ನೇ ಹೇಳುತ್ತದೆ, ಸುಳ್ಳು ಶುರುವಾಗುವುದು ಚಿತ್ರ ಮಸುಕಾಗುವ ಅಂಚಿನಲ್ಲಿ. "ನಡೂಕೆ ಎಲ್ರೂ ಒಳ್ಳೇವ್ರೇ. ಯೋಗ್ಯತೆ ಗೊತ್ತಾಗೋದು ಮೂಲೇಲಿ" ಎನ್ನುತ್ತಾರೆ. ಇದು ಲೆನ್ಸಿಗೋ, ನಮ್ಮ ನೆಂಟರಿಗೋ? ಕೇಳುವ ಧೈರ್ಯ ನನಗಿಲ್ಲ.

ಜರ್ಮನಿಯದೊಂದು, ಜಪಾನಿನವೆರಡು, ಹೆಸರು ಅಳಿಸಿಹೋದದ್ದೊಂದು, ಹೀಗೆ ನಾಲ್ಕು ಹಳೆಯ ಲೆನ್ಸುಗಳಿದ್ದವು. ಗಾಜಿಗೆ ಬೂಷ್ಟು ಹಿಡಿಯುತ್ತದೆಂದು ಅವನ್ನು ಮೊರದಲ್ಲಿಟ್ಟು, ಅತ್ತೆಯ ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದರು. ಒಂದು ದಿನ ಕಾಗೆಗಳು ಸಂಡಿಗೆಗೆ ಮುತ್ತಿಗೆ ಹಾಕಿದರೆ, ಮಾವ ಕೋಲು ಹಿಡಿದು ಮೊರವನ್ನಷ್ಟೇ ಕಾಯುತ್ತಾ ಕೂತಿದ್ದರು. "ಗಾಜಿಗ್ ಕಾವಲು, ಸಂಡಿಗೆಗ್ ಯಾರೂ ಇಲ್ವಾ?" ಎಂದು ಅತ್ತೆ ರೇಗಿದರು. ಆ ಮಧ್ಯಾಹ್ನ ಮಾವನ ಎಲೆಗೆ ಸಂಡಿಗೆ ಬೀಳಲಿಲ್ಲ.

ನಗುವುದು ಸುಲಭ. ಆದರೆ ಈ ಪಾಡೆಲ್ಲ ಒಂದೇ ಒಂದು ನೆಗೆಟಿವ್‌ಗಾಗಿ. ಮೇಲುಕೋಟೆಯಲ್ಲಿ ನಡೆದ ಒಂದು ಮದುವೆಯ ಗುಂಪು ಫೋಟೋ ಅದು, ಮಾವನೇ ತೆಗೆದದ್ದು. ಎಡತುದಿಯಲ್ಲಿ ನಿಂತವಳು ಮಾವನ ತಂಗಿ, ನನ್ನ ತಾಯಿ. ನನಗೆ ಎರಡು ತುಂಬುವ ಮೊದಲೇ ತೀರಿಕೊಂಡಳು. ಅವಳ ಬೇರೆ ಫೋಟೋ ಇಲ್ಲ. ತಿಥಿಗೆ ಹಾರ ಹಾಕಲು ಒಂದು ಮುಖ ಬೇಕಲ್ಲ? ಮಾವ ಆಗ ಇದ್ದ ಅಗ್ಗದ ಲೆನ್ಸಿನಲ್ಲಿ ಮುಖವೊಂದನ್ನೇ ವಿಪರೀತ ಹಿಗ್ಗಿಸಿ ಕೊಟ್ಟರು. ನಮ್ಮ ಗೋಡೆಯ ಮೇಲಿರುವುದು ಅದೇ. ಕುಂಕುಮ ಕಾಣುತ್ತದೆ, ನಗುತ್ತಿದ್ದಾಳೋ ಇಲ್ಲವೋ ಕಾಣುವುದಿಲ್ಲ. ತಲೆ ಸ್ವಲ್ಪ ಬಗ್ಗಿದೆ. ಅಮ್ಮ ಬಹಳ ನಾಚಿಕೆಯವಳಿರಬೇಕು ಎಂದುಕೊಂಡೇ ಬೆಳೆದೆ.

ಸ್ಟುಡಿಯೋ ಖಾಲಿ ಮಾಡುವಾಗ, ಕಳೆದೇಹೋಯಿತು ಎಂದುಕೊಂಡಿದ್ದ ಆ ನೆಗೆಟಿವ್ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಸಿಕ್ಕಿತು. ಭೂತಗನ್ನಡಿ ಹಿಡಿದು ಬೆಳಕಿನಲ್ಲಿ ನೋಡಿದ ಮಾವ, "ಇದ್ರಲ್ಲಿ ಚೆನ್ನಾಗೇ ಅವ್ಳೆ. ಅವಳ್ನ ಕಳ್ದಿದ್ದು ನನ್ ಲೆನ್ಸು" ಎಂದರು. ಅಂದಿನಿಂದ ಹುಡುಕಾಟ. ನಾಲ್ಕು ಲೆನ್ಸಿನಲ್ಲೂ ಮತ್ತೆ ಮತ್ತೆ ಪ್ರಿಂಟ್ ಹಾಕಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಸಾಲಾಗಿ ಸಿಕ್ಕಿಸುತ್ತಿದ್ದರು. ಎಲ್ಲದರಲ್ಲೂ ಮದುಮಗನ ಮೀಸೆಯ ಕೂದಲು ಎಣಿಸಬಹುದಿತ್ತು. ಮೂಲೆಯಲ್ಲಿ ಮಾತ್ರ ಸೊಂಟದ ಮೇಲೆ ಎಂಥದೋ ಗಂಟು ಹೊತ್ತ ಮಸುಕಾದ ಹೆಂಗಸು.

"ಅಮ್ಮನನ್ನೇ ನಡುವೆ ತಂದು ಪ್ರಿಂಟ್ ಹಾಕಬಾರದಾ ಮಾವ?" ಎಂದೆ ಒಮ್ಮೆ.

"ಒಂದ್ ಸಲ ಅಂಗ್ ಮಾಡಿ ಕೆಟ್ಟಿವ್ನಿ. ಬಾಯ್ ಮುಚ್ಕೊಂಡ್ ಮೂಲೆ ನೋಡ್ಲಾ."

ಹೋದ ತಿಂಗಳು ಕೆ.ಆರ್. ಪೇಟೆ ಕಡೆಯ ಶೀಳನೆರೆಯಲ್ಲಿ, ಹಿಂದೆ ಸ್ಟುಡಿಯೋ ಇಟ್ಟಿದ್ದ ಒಬ್ಬ ಹಿರಿಯರ ಬಳಿ ಅಪರೂಪದ ಲೆನ್ಸಿದೆಯೆಂದು ತಿಳಿಯಿತು. ಹೋದೆವು. ಅವರು ಜಗಲಿಯಲ್ಲಿ ಕೂತು ಅದರಿಂದ ಪೇಪರ್ ಓದುತ್ತಿದ್ದರು! "ಇದ್ ಕೊಟ್ಬುಟ್ರೆ ನಾನ್ ಪೇಪರ್ ಓದೋದೆಂಗೆ?" ಎಂದರು. ಮಾವ ತಮ್ಮ ಭೂತಗನ್ನಡಿಯನ್ನೇ ಅವರ ಕೈಗಿಟ್ಟು ಲೆನ್ಸು ತಂದರು. ಮರುದಿನವೇ ಫೋನು: "ನಿನ್ ಗಾಜಲ್ಲಿ ಸುದ್ದಿ ಬಾಳ ದೊಡ್ಡದಾಗ್ ಕಾಣ್ತದೆ ಕಣಯ್ಯ, ಎದ್ರಿಕೆ ಆಯ್ತದೆ!"

ಆ ಭಾನುವಾರ ಮಧ್ಯಾಹ್ನ ಬಚ್ಚಲಿನ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ದೀಪ ಹಾಕಿ, ಹೊಸದಾಗಿ ಬಂದ ಲೆನ್ಸಿನಲ್ಲಿ ಪ್ರಿಂಟ್ ಹಾಕಿದರು. ಹಾಳೆಯನ್ನು ಟ್ರೇಯ ಔಷಧದ ನೀರಿನಲ್ಲಿ ಮುಳುಗಿಸಿದಾಗ ಮೊದಲು ಮದುಮಗನ ಮೀಸೆ ಮೂಡಿತು. ನಾನು ಅಭ್ಯಾಸಬಲದಿಂದ ಮೂಲೆ ನೋಡಿದೆ. ಸೆರಗಿನ ಅಂಚು ಬಂತು, ಮೂಗುಬೊಟ್ಟು ಬಂತು. ಆಮೇಲೆ ಸೊಂಟದ ಮೇಲಿನ ಗಂಟಿಗೆ ಒಂದು ತಲೆ ಬಂತು, ಸೆರಗನ್ನು ಮುಷ್ಟಿಯಲ್ಲಿ ಹಿಡಿದ ಪುಟ್ಟ ಕೈ ಬಂತು.

"ಮಾವ, ಇದು ಗಂಟಲ್ಲ..."

"ನೀನೇ ಕಣ್ಲಾ. ಹಾರ ಹಾಕೋ ಫೋಟೋದಾಗೆ ಬದುಕಿರೋರು ಇರಬಾರ್ದು ಅಂದ್ರು ಎಲ್ರೂ. ಅವತ್ತು ನಾನೇ ನಿನ್ನ ಅವಳಿಂದ ಕತ್ತರಿಸ್ಬುಟ್ಟೆ."

"ಇಷ್ಟು ದಿನ ಹೇಳಲೇ ಇಲ್ವಲ್ಲ ನೀವು."

"ಹೇಳೋದಲ್ಲ ಅದು. ನೀನು ನೋಡ್ಬೇಕಿತ್ತು."

ಅಷ್ಟು ಹೇಳಿ ಮಾವ ಬಚ್ಚಲ ಮೂಲೆಗೆ ಮುಖ ಮಾಡಿ ನಿಂತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ. ಅಮ್ಮ ನಾಚಿಕೊಂಡು ತಲೆ ಬಗ್ಗಿಸಿರಲಿಲ್ಲ. ಅಷ್ಟು ಜನರ ನಡುವೆ ಕ್ಯಾಮೆರಾ ಕಡೆ ನೋಡದವಳು ಅವಳೊಬ್ಬಳೇ. ಅವಳು ನನ್ನನ್ನು ನೋಡಿಕೊಂಡು ನಗುತ್ತಿದ್ದಳು.