ಗೆಳತಿ, ಅಯಸ್ಕಾಂತ ಮತ್ತು ರಷ್ಯನ್ ಅಜ್ಜಿ

ನನ್ನ ಗೆಳತಿಯನ್ನು ಊಟಕ್ಕೆ ಕರೆಯುವವರು ಮೊದಲು ಮನೆಯ ಬೆಳ್ಳಿಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು. ಕದಿಯುತ್ತಾಳೆಂದಲ್ಲ, ಛೆ! ಅವಳ ಕೈಚೀಲದಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತದೆ. ಲಂಡನ್ನಿನ ಎಜ್‌ವೇರ್‌ನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದಾಗ, ಮಗುವಿನ ಸೋದರತ್ತೆ ಊರಿನಿಂದ ತಂದಿದ್ದ ಬೆಳ್ಳಿ ಬಟ್ಟಲಿಗೆ ಅದನ್ನು ಸುಮ್ಮನೆ ತಾಗಿಸಿದಳು. ಟಕ್ ಎಂದು ಅಂಟಿಕೊಂಡಿತು! ಅಪ್ಪಟ ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದುಂಟೇ? ಸೋದರತ್ತೆ ಪಾಯಸಕ್ಕೂ ಕಾಯದೆ ಹೊರಟುಹೋದರು.

ಈ ಚಟಕ್ಕೆ ಮೂಲ ರಷ್ಯದ ನಾಣ್ಯಗಳು. ರಾಜರ ಕಾಲದ ಚಿನ್ನದ ನಾಣ್ಯ ಎಂದುಕೊಂಡಿರಾ? ಅಲ್ಲ ಸ್ವಾಮಿ! ಈಗಿನವು, ಅಲ್ಲಿಯ ಜನ ತರಕಾರಿ ಅಂಗಡಿಯಲ್ಲಿ ಕೊಡುವ ಪುಡಿಗಾಸು. ಅದೇ ಅಚ್ಚು, ಅದೇ ವರ್ಷ. ಆದರೆ ಒಂದು ಗಟ್ಟಿ ಹಿತ್ತಾಳೆ, ಇನ್ನೊಂದು ಒಳಗೆ ಉಕ್ಕು, ಮೇಲೆ ಹಿತ್ತಾಳೆಯ ತೆಳ್ಳನೆ ಲೇಪ. ನೋಡಲು ಎರಡೂ ಒಂದೇ. ಅಯಸ್ಕಾಂತಕ್ಕೆ ಅಂಟಿದರೆ ಲೇಪದ್ದು. ಕೆಲವು ವರ್ಷ ಎರಡೂ ಬಗೆ ಬಂದಿವೆಯಂತೆ, ಅದರಲ್ಲಿ ಒಂದು ಬಗೆ ಅಪರೂಪವಂತೆ. ಇದನ್ನೆಲ್ಲ ಅವಳು ಟ್ರಾಮ್‌ನಲ್ಲಿ ವಿವರಿಸತೊಡಗಿದರೆ ಪಕ್ಕದವರು ಒಂದು ಸ್ಟಾಪ್ ಮೊದಲೇ ಇಳಿದುಬಿಡುತ್ತಾರೆ.

ಈ ರೋಗ ತಗುಲಿಸಿದವರು ಕ್ರೋಯ್ಡನ್‌ನಲ್ಲಿ ಅವಳ ಎದುರು ಫ್ಲ್ಯಾಟಿನ ರಷ್ಯನ್ ಅಜ್ಜಿ. ಹಳೇ ಕೋಟಿನ ಜೇಬಿನಲ್ಲಿದ್ದ ಒಂದು ಹಿಡಿ ಚಿಲ್ಲರೆ ಕೊಟ್ಟರು, ಅಷ್ಟೆ. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಇವಳಿಗೆ ರಷ್ಯನ್ ಬಾರದು. ಆದರೂ ಪ್ರತಿ ಶನಿವಾರ ಎದುರುಬದುರು ಕೂರುತ್ತಾರೆ. ಟಕ್! ಅಜ್ಜಿ ತಲೆಯಾಡಿಸುತ್ತಾರೆ. ಇವಳೂ ತಲೆಯಾಡಿಸುತ್ತಾಳೆ. ಮತ್ತೆ ಟಕ್! ಇದೂ ಒಂದು ಮಾತುಕತೆಯೇ?

ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ, ಹೊಟ್ಟೆಯೊಳಗೆ ಒಲೆಯೇ ಉರಿಯುತ್ತಿತ್ತು. ಶನಿವಾರ ನನ್ನದಾಗಿತ್ತು! ಇಬ್ಬರೂ ಟೂಟಿಂಗಿಗೆ ಹೋಗಿ ಮಸಾಲೆ ದೋಸೆ ತಿಂದು, ಗಂಡಂದಿರನ್ನು ಮನಸಾರೆ ಬೈದು ಹಗುರಾಗಿ ಬರುತ್ತಿದ್ದೆವು. ಈಗ ಫೋನು ಮಾಡಿದರೆ, “ಇವತ್ತು ಬೇಡ ಕಣೇ, ಅಜ್ಜಿ ಬರ್ತಾರೆ” ಎನ್ನುತ್ತಾಳೆ. ಗಂಡನನ್ನು ಒಬ್ಬಳೇ ಕೂತು ಬೈದರೆ ಏನು ಸುಖ?

ಒಂದು ಶನಿವಾರ ಕರೆಯದೇ ಹೋಗಿ ಕುಳಿತೆ. ನೋಡುತ್ತೇನೆ, ಮೈಸೂರಿನವಳು ಫಿಲ್ಟರ್ ಕಾಫಿ ಬಿಟ್ಟು ಅಜ್ಜಿಯ ಹಾಗೆ ಟೀಗೆ ಜಾಮ್ ಹಾಕಿಕೊಂಡು ಕುಡಿಯುತ್ತಿದ್ದಾಳೆ!

“ನಿಂಗೆ ಎಂಥ ಆಯ್ತು ಮಾರಾಯ್ತಿ?” ಎಂದೆ.

“ಚೆನ್ನಾಗಿರತ್ತೆ ಕಣೇ, ಕುಡಿದು ನೋಡು.”

ಕುಡಿದೆ. ಚೆನ್ನಾಗಿಯೇ ಇತ್ತು. ಅದಕ್ಕೆ ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಅಜ್ಜಿಯ ಔಷಧಿ ತರಲು ಇಬ್ಬರೂ ಹೊರಟರು. “ನೀನು ಇಲ್ಲೇ ಇರು, ಬಂದ್ಬಿಡ್ತೀವಿ” ಎಂದಳು. ಮೇಜಿನ ಮೇಲೆ ಹಳದಿ ನಾಣ್ಯವೊಂದು ಬೇರೆಯಾಗಿ, ಮೆತ್ತನೆ ಬಟ್ಟೆಯ ಮೇಲಿತ್ತು. ವರ್ಷಗಟ್ಟಲೆ ಹುಡುಕಿ, ಹೋದ ವಾರವಷ್ಟೇ ಕೈಗೆ ಬಂದದ್ದೆಂದು ಆಗತಾನೆ ಹೇಳಿದ್ದಳು. ಆದರೆ ಎಷ್ಟು ಮಂಕು, ಎಷ್ಟು ಕಲೆ! ಆ ಅಜ್ಜಿ ಇದನ್ನು ಹೊಳೆಯಿಸಿ ಕೊಟ್ಟಿದ್ದಾರೆಯೇ? ನಾನು ಕೊಡುತ್ತೇನೆ, ನೋಡಲಿ! ನಾನು ಕುಂದಾಪುರದವಳು. ಹಬ್ಬದ ಹಿಂದಿನ ದಿನ ದೀಪ ಬೆಳಗುವ ಕೈ ಇದು. ಅವಳ ಅಡುಗೆಮನೆಯಿಂದಲೇ ಹುಣಸೆಹಣ್ಣು, ಉಪ್ಪು, ಪಾತ್ರೆ ಉಜ್ಜುವ ಸ್ಟೀಲ್ ನಾರು ತೆಗೆದುಕೊಂಡು ಉಜ್ಜಿದೆ ನೋಡಿ, ಅಜ್ಜಿಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಉಜ್ಜಿದೆ!

ಹಳದಿ ಹೋಯಿತು. ಒಂದು ಕಡೆಯಿಂದ ಬೂದುಬಣ್ಣದ ಉಕ್ಕು ಇಣುಕಿತು. ಲೇಪದ್ದು ಎಂದು ಅಯಸ್ಕಾಂತವಿಲ್ಲದೆಯೇ ಗೊತ್ತಾಯಿತು.

ಅವರು ಬಂದಾಗ ನಾಣ್ಯ ನನ್ನ ಅಂಗೈಯಲ್ಲಿತ್ತು. ಗೆಳತಿ ಅದನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಅಜ್ಜಿ ನನ್ನ ಕೈ ಮೂಸಿ ನೋಡಿ, ಹುಳಿಗೆ ಮುಖ ಕಿವಿಚಿದರು.

“ಯಾಕೇ ಹೀಗ್ ಮಾಡ್ದೆ?”

ಹೊಳೆಯಲಿ ಎಂದು ಮಾಡಿದೆ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. “ಶನಿವಾರ ನಿಂಗೆ ನನ್ನ ನೆನಪೇ ಆಗುದಿಲ್ಲ ಅಲ್ವಾ?”

ನನಗೆ ನಾಚಿಕೆಯಾಯಿತು. ಐವತ್ತು ದಾಟಿದ ಹೆಂಗಸು, ಸ್ಕೂಲು ಹುಡುಗಿಯ ಹಾಗೆ! ಇಷ್ಟು ವರ್ಷದ ಸ್ನೇಹ ಒಂದು ಪುಡಿಗಾಸಿನಲ್ಲಿ ಮುಗಿಯಿತೆಂದು ಚಪ್ಪಲಿ ಹುಡುಕತೊಡಗಿದೆ.

“ಕೂತ್ಕೋ” ಎಂದಳು. ಆಲ್ಬಮ್ ತೆಗೆದು, ಮೊದಲ ಪುಟದ ಮೊದಲ ಕಿಸೆಯಲ್ಲಿದ್ದ ನಾಣ್ಯವನ್ನು ಹೊರಗೆ ಹಾಕಿ, ಅಲ್ಲಿ ಇದನ್ನು ಇಟ್ಟಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು.

“ಅಪರೂಪದ್ದು ಬೇರೆಯವ್ರ ಹತ್ರಾನೂ ಇರತ್ತೆ. ನನಗೋಸ್ಕರ ಹೊಟ್ಟೆಕಿಚ್ಚು ಪಟ್ಕೊಂಡು ಉಜ್ಜಿದ್ದು ಪ್ರಪಂಚದಲ್ಲಿ ನನ್ನೊಬ್ಬಳ ಹತ್ರ ಮಾತ್ರ ಇರೋದು ಕಣೇ.”